ಟ್ರಾಸ್ಕ್ ಮನೆತನದ ಏಣಿ ಮುದ್ರೆ

ಕ್ಲೈಡ್ ಟ್ರಾಸ್ಕ್‌ಗೆ ನಮ್ಮ ಮ್ಯೂಸಿಯಂ ಎಂದರೆ ಒಂದೇ ಒಂದು ಚಿತ್ರ. ವಯೋಮಿಂಗ್‌ನ ಹುಲ್ಲುಗಾವಲು, ಉರಿಯುವ ಬೆಂಕಿ, ಹಗ್ಗ ಬಿಗಿದು ಕೆಡವಿದ ಹಸು, ಅದರ ಪಕ್ಕ ಮಂಡಿಯೂರಿ ಮುದ್ರೆಯೊತ್ತುವ ಕಾದ ಕಬ್ಬಿಣ ಹಿಡಿದ ಅವನ ಮುತ್ತಜ್ಜ. ಊಟದ ಮೇಜಿನಲ್ಲೂ ಟೋಪಿ ತೆಗೆಯದ ಮುದುಕ ಆ ಚಿತ್ರದ ಮುಂದೆ ಮಾತ್ರ ತೆಗೆಯುತ್ತಿದ್ದ. ಬಂದವರ ತೋಳು ಹಿಡಿದೆಳೆದು ಮನೆತನದ ಕಥೆ ಕೊರೆಯುತ್ತಿದ್ದ. ಟಿಕೆಟ್ ಕೊಡುವ ನನಗೆ ಅವನ ಜಂಭ ಕಂಡರೆ ಆಗುತ್ತಿರಲಿಲ್ಲ. ಆದರೂ ಅವನು ಬಾರದ ವಾರ ಏನೋ ಬಿಕೋ ಎನ್ನುತ್ತಿತ್ತು.

ಜೊತೆಗೆ ಐನಾರ್ ಲುಂಡ್ ಬರುತ್ತಿದ್ದ, ಸ್ಕೂಲಿನಿಂದಲೂ ಅವನ ಗೆಳೆಯ. ಐನಾರನ ಮುತ್ತಜ್ಜನನ್ನು ದನಗಳ್ಳನೆಂದು ನಮ್ಮೂರ ಹೊಳೆದಂಡೆಯ ಮರಕ್ಕೆ ನೇಣು ಹಾಕಿದ್ದರು. ಟ್ರಾಸ್ಕರೇ ಮುಂದೆ ನಿಂತು ಹಾಕಿಸಿದ್ದು. ನೂರು ವರ್ಷ ದಾಟಿದ್ದರೂ ಕ್ಲೈಡ್‌ಗೆ ಅದು ದಿನದ ತಮಾಷೆ. ಐನಾರ್ ಕಾಫಿ ಅಂಗಡಿಗೆ ಕಾಲಿಟ್ಟರೆ ಸಾಕು, "ಲುಂಡ್ ಬಂದ ಕಣ್ರಪ್ಪ, ದನ ಎಣಿಸ್ಕೊಳ್ಳಿ" ಅನ್ನುವನು. ಎಲ್ಲರೂ ನಗುವರು. ಐನಾರನೂ ನಗುವನು.

ಹೊಗೆ ಹಿಡಿದು ಕಂದುಗಟ್ಟಿದ್ದ ಆ ಚಿತ್ರವನ್ನು ಈ ಚಳಿಗಾಲದಲ್ಲಿ ಶುಚಿ ಮಾಡಿಸಿ ತಂದೆವು. ಮತ್ತೆ ತೂಗುಹಾಕಿದ ದಿನ ಕ್ಲೈಡ್ ಒಬ್ಬನೇ ಬಂದ. ಹತ್ತಿರ ಹೋದ. ಇನ್ನೂ ಹತ್ತಿರ ಹೋದಾಗ ನಾನು ಗದರಬೇಕಾಯಿತು. ತಿರುಗಿದವನ ಮುಖ ಬಿಳಿಚಿಕೊಂಡಿತ್ತು.

ಯಾರ ದನವೆಂದು ತಿಳಿಯಲು ಮೈಮೇಲೆ ಸುಟ್ಟು ಒತ್ತುವ ಮುದ್ರೆ ಓದಲು ನಮ್ಮಲ್ಲಿ ಮಕ್ಕಳಿಗೂ ಬರುತ್ತದೆ. ಟ್ರಾಸ್ಕರದು ಏಣಿ: ಎರಡು ಉದ್ದಗೆರೆ, ನಡುವೆ ಮೆಟ್ಟಿಲು. ಲುಂಡರದು ಬರೀ ಎರಡು ಉದ್ದಗೆರೆ. ಕೊಳೆ ಹೋದ ಮೇಲೆ ಹಸುವಿನ ತೊಡೆ ನಿಚ್ಚಳವಾಗಿ ಕಾಣುತ್ತಿತ್ತು. ಉದ್ದಗೆರೆಗಳು ಎಂದೋ ಮಾಯ್ದ ಬೂದು ಕಲೆ. ಮೆಟ್ಟಿಲುಗಳು ಮಾತ್ರ ಹಸಿ ಕೆಂಪು. ಚಿತ್ರಕಾರ ಅರ್ಥ ತಿಳಿದು ಬರೆದನೋ, ಕಂಡದ್ದನ್ನು ಕಂಡಂತೆ ಬರೆದನೋ ಗೊತ್ತಿಲ್ಲ. ಲುಂಡರ ಹಸುವನ್ನು ಟ್ರಾಸ್ಕ್ ತನ್ನದಾಗಿ ಮಾಡಿಕೊಳ್ಳುತ್ತಿದ್ದ. ಕಳ್ಳ ಒಬ್ಬ, ನೇಣಿಗೆ ಹೋದವನು ಇನ್ನೊಬ್ಬ.

ಆಮೇಲೆ ಬಹಳ ದಿನ ಕ್ಲೈಡ್ ಇತ್ತ ಸುಳಿಯಲಿಲ್ಲ. ಐನಾರನ ಕಣ್ಣು ಈಚೆಗೆ ಪೂರ್ತಿ ಹೋಗಿತ್ತು, ಅವನು ತಾನಾಗಿ ಕಂಡುಹಿಡಿಯುವಂತಿರಲಿಲ್ಲ. ಕ್ಲೈಡ್ ಸುಮ್ಮನಿದ್ದರೆ ಮುಗಿಯಿತು. ಇವನೆಲ್ಲಿ ಬಾಯಿಬಿಡುವ ಆಸಾಮಿ ಎಂದು ನಾನು ಮನಸ್ಸಿನಲ್ಲೇ ಬೈದುಕೊಂಡೆ.

ಒಂದು ಮಧ್ಯಾಹ್ನ ಕ್ಲೈಡ್ ಐನಾರನನ್ನು ಕೈಹಿಡಿದು ಕರೆತಂದು ಚಿತ್ರದೆದುರಿನ ಬೆಂಚಿನಲ್ಲಿ ಕೂರಿಸಿದ. ತೊಳೆದ ಮೇಲೆ ಹೇಗಾಗಿದೆ ಎಂದು ಐನಾರ್ ಕೇಳಿದ. ಕ್ಲೈಡ್ ಆಕಾಶದ ಬಣ್ಣ ಹೇಳಿದ, ಕುದುರೆಗಳನ್ನು ಹೇಳಿದ, ಬೆಂಕಿಯನ್ನು ಹೇಳಿದ. ಹಸುವಿನ ಹತ್ತಿರ ಬಂದು ಮಾತು ನಿಂತಿತು.

"ಆ ಹಸು ನಿಮ್ದು ಕಣೋ ಐನಾರ್," ಎಂದ ಕೊನೆಗೆ. "ಗೆರೆ ನಿಮ್ದು, ಹಳೇದು. ನಮ್ ಮುತ್ತಜ್ಜ ಅದಕ್ಕೆ ಮೆಟ್ಲು ಸೇರಿಸ್ತಿದಾನೆ."

ಐನಾರ್ ಬೆಚ್ಚಲಿಲ್ಲ. "ಗೊತ್ತು. ನಮ್ಮಜ್ಜಿ ಸಾಯೋವರ್ಗೂ ಅದನ್ನೇ ಹೇಳ್ತಿದ್ಲು."

"ಗೊತ್ತಿದ್ದೂ ನಗ್ತಿದ್ಯಲ್ಲೋ, ಇಷ್ಟು ವರ್ಷ?"

"ನಗದೇ ಇದ್ದಿದ್ರೆ ಈ ಊರಲ್ಲಿ ನನ್ ಜೊತೆ ಕೂತು ಯಾರು ಕಾಫಿ ಕುಡೀತಿದ್ರು, ಹೇಳು."

ಕ್ಲೈಡ್ ಒಂದು ಹೆಜ್ಜೆ ಹಿಂದೆ ಸರಿದ. ಗೆಳೆಯ ಇದ್ದಾನೋ ಹೋದನೋ ತಿಳಿಯದೆ ಐನಾರ್ ಕೈ ಚಾಚಿ ಪಕ್ಕದಲ್ಲಿ ತಡಕಾಡಿದ. ಕ್ಲೈಡ್ ಅಲ್ಲೇ ನಿಂತಿದ್ದ. ಆ ಕೈ ಹಿಡಿಯುವ ಧೈರ್ಯ ಅವನಿಗೆ ಬರಲಿಲ್ಲ.