ಖಾರದ ಕೈ

ನನ್ನ ಮಗನಿಗೆ ಆಗ ಹತ್ತು ತಿಂಗಳು. ತೂಕ ನೋಡುವ ದಿನ ಅಂಗನವಾಡಿ ಟೀಚರ್ ಅವನನ್ನು ನನ್ನ ಸೊಂಟದಿಂದ ಇಳಿಸಿಕೊಂಡು, "ಇಡೀ ದಿನಾ ಹೊತ್ಕೊಂಡ ಅಡ್ಡಾಡಬ್ಯಾಡ್ರಿ. ನೆಲಕ್ಕ ಬಿಡ್ರಿ. ತಾನ ಮುಟ್ಟಿ ನೋಡ್ಲಿ, ತಾನ ಆಡ್ಲಿ" ಎಂದಿದ್ದರು.

ಬಿಟ್ಟೆ. ಆದರೆ ಬಿಟ್ಟು ಸುಮ್ಮನಿರಲು ನನಗೆ ಬರಲಿಲ್ಲ. ಅವನು ಕಂಬದತ್ತ ಹೋದರೆ ಕಂಬಕ್ಕೂ ಅವನ ಹಣೆಗೂ ನಡುವೆ ನನ್ನ ಅಂಗೈ ಇರುತ್ತಿತ್ತು. ಡಬ್ಬಿಯ ಮುಚ್ಚಳ ಹಿಡಿದರೆ ಕಸಿದು, ಅಂಚು ಹರಿತವೇ ಎಂದು ನೋಡಿ ಮತ್ತೆ ಕೊಡುತ್ತಿದ್ದೆ. ಅಷ್ಟರಲ್ಲಿ ಅವನಿಗೆ ಅದು ಬೇಡವಾಗಿರುತ್ತಿತ್ತು.

ಅತ್ತೆ ನಗುತ್ತಿದ್ದರು. "ಕೂಸಿಗಿಂತಾ ನೀನ ಹೆಚ್ಚ ಅಂಬೆಗಾಲ ಇಡಾಕತ್ತೀ ನೋಡವಾ. ಮೊಣಕಾಲ ಸವದಾವು."

ಕುಬಿಹಾಳದ ನಮ್ಮ ಮನೆಯ ಪಡಸಾಲೆ ಎತ್ತರದಲ್ಲಿದೆ. ಕೆಳಗೆ, ತಲೆಬಾಗಿಲ ಪಕ್ಕ, ಹಿಂದೆ ಎತ್ತು ಕಟ್ಟುತ್ತಿದ್ದ ಜಾಗ. ನಡುವೆ ಒಂದೇ ಕಲ್ಲಿನ ಮೆಟ್ಟಿಲು, ಕೆಳಗಿನ ನೆಲವೂ ಕಲ್ಲಿನದೇ. ಅಂಚಿಗೆ ನಾನು ದಿಂಬುಗಳನ್ನು ಅಡ್ಡ ಇಡುತ್ತಿದ್ದೆ. ಅವನು ಅವನ್ನು ಎಳೆದು ಬದಿಗೆ ಸರಿಸಲು ಕಲಿತಿದ್ದ.

ಅಂದು ಬೆಳಿಗ್ಗೆ ವರ್ಷದ ಖಾರಪುಡಿಗೆಂದು ಪಡಸಾಲೆಯ ಒಂದು ಮೂಲೆಯಲ್ಲಿ ಒಣಮೆಣಸಿನಕಾಯಿಯ ತೊಟ್ಟು ಮುರಿಯುತ್ತ ಕುಳಿತಿದ್ದೆ. ಮಗ ಇನ್ನೊಂದು ತುದಿಯಲ್ಲಿ ಬುಟ್ಟಿಯೊಂದನ್ನು ಬೋರಲು ಹಾಕಿ ಬಡಿಯುತ್ತಿದ್ದ. ಅತ್ತೆ ಒಳಗೆ ರೊಟ್ಟಿ ಬಡಿಯುತ್ತಿದ್ದರು. ಬುಟ್ಟಿಯ ಸದ್ದು ನಿಂತಿತು. ತಲೆ ಎತ್ತಿದೆ.

ಕಂಡದ್ದನ್ನಷ್ಟೇ ಹೇಳುತ್ತೇನೆ. ಅವನ ಮುಖ ನನ್ನ ಕಡೆಗಿತ್ತು. ಹೊಟ್ಟೆ ನೆಲಕ್ಕೆ ಹತ್ತಿತ್ತು. ಎರಡೂ ಕಾಲು ಅಂಚಿನಾಚೆ ಇದ್ದವು. ಬೀಳುವ ಕೂಸು ಹಾಗಿರುವುದಿಲ್ಲ, ತಲೆ ಮುಂದಾಗಿ ಬೀಳುತ್ತದೆ. ಅದನ್ನು ನಾನು ಆಗ ಯೋಚಿಸಲಿಲ್ಲ. ಓಡಿಹೋಗಿ ಎತ್ತಿಕೊಂಡೆ. ಜೊಲ್ಲು ಇಳಿಯುತ್ತಿತ್ತು, ಕೈಯಿಂದ ಬಾಯಿ ಒರೆಸಿದೆ. ಕೆನ್ನೆ ಒರೆಸಿದೆ. ಕಣ್ಣು ಒರೆಸಿದೆ.

ಎರಡು ಉಸಿರಿನಷ್ಟು ಹೊತ್ತು ಏನೂ ಆಗಲಿಲ್ಲ. ಆಮೇಲೆ ಅವನು ಕಿರುಚಿದ.

"ಬಿದ್ನೇನ?" ಅತ್ತೆ ಒಳಗಿಂದ ಓಡಿ ಬಂದರು.

"ಇಲ್ರಿ ಅತ್ತಿ. ನನ್ನ ಕೈಯಾಗ... ಖಾರ ಇತ್ರಿ."

"ಅಯ್ಯ ನಿನ್ನ! ಕೊಡ ಇಲ್ಲೆ. ನೀ ಮುಟ್ಟಬ್ಯಾಡ ಮತ್ತ."

ಅವರು ಕೈಯ ಹಿಟ್ಟು ತೊಳೆದುಕೊಂಡು, ಅವನನ್ನು ಪಕ್ಕಕ್ಕೆ ವಾಲಿಸಿ ಹಿಡಿದು, ತಂಬಿಗೆಯಿಂದ ಕಣ್ಣಿಗೆ ಸಣ್ಣಗೆ ನೀರು ಬಿಡುತ್ತ ಹೋದರು. ಅವನು ಎರಡೂ ಕೈ ನನ್ನತ್ತ ಚಾಚುತ್ತಿದ್ದ. ನಾನು ಸೋಪು ಹಚ್ಚಿ ಕೈ ತೊಳೆದೆ, ಮತ್ತೆ ತೊಳೆದೆ, ಉರಿ ಹೋಗಲಿಲ್ಲ. ಕೊನೆಗೆ ಅತ್ತೆ ಅವನನ್ನು ನನ್ನ ಮಡಿಲಲ್ಲಿ ಮಲಗಿಸಿ, ತಾವೇ ತಲೆ ಹಿಡಿದು ಎದೆಹಾಲಿಗೆ ಹಚ್ಚಿದರು. ನಾನು ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡಿದ್ದೆ.

ಎಡಗಣ್ಣು ತೆರೆಯಿತು. ಬಲಗಣ್ಣು ತೆರೆಯಲಿಲ್ಲ.

"ದವಾಖಾನಿಗೆ ಹೋಗೂಣ್ರಿ."

"ಗಾಡಿ ತಗೊಂಡ ಬಾ ಅಂತ ಅವಗ ಫೋನ್ ಹಚ್ಚೇನಿ. ಬರ್ಲಿ, ಹೋಗೂಣು."

ನನ್ನ ಗಂಡ ಹೊಲದಿಂದ ಬಂದು ಬೈಕನ್ನು ಕೆಳಗೆ ಎತ್ತಿನ ಜಾಗದಲ್ಲಿ ನಿಲ್ಲಿಸುವ ಹೊತ್ತಿಗೆ ಬಲಗಣ್ಣೂ ತೆರೆದಿತ್ತು. ಕೆಂಪಾಗಿತ್ತು, ಆದರೆ ಅತ್ತೆ ಆಡಿಸಿದ ಬೆರಳಿನ ಹಿಂದೆಯೇ ಹೋಗುತ್ತಿತ್ತು. ಬೆರಳನ್ನು ಮೂರು ಸಲ ಆಡಿಸಿ ನೋಡಲು ಅವರಿಗೆ ಹೇಳಿದೆ.

ದವಾಖಾನೆ ಬೇಡವಾಯಿತು, ಗಂಡ ಕೈಕಾಲು ತೊಳೆಯಲು ಹಿತ್ತಲಿಗೆ ಹೋದರು. ಅಷ್ಟರಲ್ಲಿ ಮಗ ಮಡಿಲಿನಿಂದ ಜಾರಿ ಮತ್ತೆ ಆ ಅಂಚಿಗೇ ಹೊರಟ.

"ಅತ್ತಿ, ಹಿಡೀರಿ!"

"ನಿಂದ್ರ. ತಿರುಗ್ತಾನ ನೋಡ. ನಾಕ ದಿನಾತು ಇಳ್ಯಾಕತ್ತು, ನಾ ಬಾಜುಕ ನಿಂತ ನೋಡೇನಿ."

"ನನಗ ಹೇಳ್ಲೇ ಇಲ್ರಿ?"

"ಹೇಳಿದ್ರ ಬಿಡ್ತಿದ್ದೇನ ನೀ?"

ಅವನು ತಿರುಗಿದ. ಹೊಟ್ಟೆ ಊರಿ ಹಿಂದಕ್ಕೆ ಸರಿದ. ಒಂದು ಕಾಲು ಗಾಳಿಯಲ್ಲಿ ಮೆಟ್ಟಿಲನ್ನು ಹುಡುಕಿತು, ಸಿಗಲಿಲ್ಲ. ಗದ್ದ ಅಂಚಿಗೆ ತಾಗಿತು. ಅಳಲಿಲ್ಲ, ಸ್ವಲ್ಪ ಎಡಕ್ಕೆ ಸರಿದು ಮತ್ತೆ ಹುಡುಕಿದ. ಬೆರಳು ಕಲ್ಲಿಗೆ ಹತ್ತಿತು. ಇಳಿದ.

ಇಳಿದವನು ನೇರ ಬೈಕಿನತ್ತ ಹೋದ. ಸೈಲೆನ್ಸರ್ ಇನ್ನೂ ಬಿಸಿ ಇತ್ತು. ಖಾರದ ಈ ಕೈಯಿಂದ ಅವನನ್ನು ಎತ್ತುವಂತಿರಲಿಲ್ಲ. ಕೆಳಗಿಳಿದು, ಗಾಡಿಗೂ ಅವನಿಗೂ ನಡುವೆ ನೆಲದ ಮೇಲೆ ಕುಳಿತೆ. ಅವನು ನನ್ನ ಹೆಗಲು ಹಿಡಿದು ಎದ್ದು ನಿಂತು ಆಚೆ ಇಣುಕಿ ನೋಡಿದ. ಸಾಕೆನಿಸಿತೇನೋ, ಕೂತು, ಬೇರೆ ಕಡೆ ಹೊರಟ. ಆ ಕಡೆ ಏನಿದೆಯೆಂದು ನಾನು ಕುಳಿತಲ್ಲಿಂದಲೇ ಕತ್ತು ಚಾಚಿ ನೋಡುತ್ತಿದ್ದೆ.