ಪೆಟ್ರೋಲ್ ಖಲಾಸ್

ನಾನು ಮೆಕ್ಯಾನಿಕಲ್ ಇಂಜಿನಿಯರ್. ಇದನ್ನು ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದ್ದೇ ತಪ್ಪಾಯಿತು. ಕುವೈತಿಗೆ ಬಂದ ಮೇಲೆ ಆಫೀಸಿನಲ್ಲಿ ರಿಪೋರ್ಟು ಬರೆದಿದ್ದೇ ಬರೆದಿದ್ದು. ಸ್ಪ್ಯಾನರ್ ಮುಟ್ಟಿದ ನೆನಪೇ ಇಲ್ಲ.

ಆ ಶುಕ್ರವಾರ ಸಂಜೆ ನಮ್ಮ ಕನ್ನಡ ಕುಟುಂಬಗಳ ಮಕ್ಕಳಿಗೆ ಆಟೋಟ. ಸಲ್ವಾದ ಒಂದು ಶಾಲೆಯವರು ಮೈದಾನ ಕೊಟ್ಟಿದ್ದರು, ಆದರೆ ಹುಲ್ಲು ಗೇಣುದ್ದ. "ಮಷಿನ್ ಇದೆ, ಕತ್ತರಿಸಿಕೊಳ್ಳಿ. ಇಲ್ಲದಿದ್ದರೆ ಓಟ ಬಿಡಿ, ಹಾಲ್‌ನಲ್ಲಿ ಕ್ವಿಜ್ ಮಾಡಿ" ಎಂದಿದ್ದರು. ನನ್ನ ಒಂಬತ್ತು ವರ್ಷದ ಮಗಳು ಈ ಓಟಕ್ಕಾಗಿ ಮೈದಾನ್ ಹವಲ್ಲಿ ಬಡಾವಣೆಯ ನಮ್ಮ ಫ್ಲಾಟಿನ ಕಾರಿಡಾರಿನಲ್ಲಿ ತಿಂಗಳಿಂದ ಓಡಿ, ಕೆಳಗಿನ ಮನೆಯವರಿಂದ ಬೈಸಿಕೊಂಡಿದ್ದಳು. ಕ್ವಿಜ್ ಎಂದಾಕ್ಷಣ ಅವಳು ನನ್ನ ಕೈ ಹಿಡಿದು ಮಷಿನ್ ಕಡೆ ಎಳೆದಳು.

ಮಷಿನ್ ಎಂದರೆ ಮೇಲೆ ಕೂತು ಓಡಿಸುವ ಹುಲ್ಲು ಕತ್ತರಿಸುವ ಗಾಡಿ, ಪುಟ್ಟ ಟ್ರ್ಯಾಕ್ಟರಿನ ಹಾಗೆ. ಕೀ ತಿರುಗಿಸಿದರೆ ಕೊರ್ ಕೊರ್ ಎಂದು ಕೆಮ್ಮಿ ಸುಮ್ಮನಾಗುತ್ತಿತ್ತು. ಶಾಲೆಯ ತೋಟ ನೋಡಿಕೊಳ್ಳುವ ಬಾಂಗ್ಲಾದೇಶದ ಭಾಯಿ ಪಕ್ಕದಲ್ಲೇ ಇದ್ದ.

"ಪೆಟ್ರೋಲ್?" ಎಂದೆ.

"ಪೆಟ್ರೋಲ್ ಖಲಾಸ್, ಮೇಡಂ."

ಸದ್ಯ, ಪೆಟ್ರೋಲ್ ತುಂಬಿಸುವ ಕೆಲಸವೊಂದು ಮುಗಿದಿದೆ ಅಂದುಕೊಂಡೆ. ನಮ್ಮ ಆಫೀಸಿನಲ್ಲಿ ಸಹಿ ಖಲಾಸ್ ಎಂದರೆ ಸಹಿ ಆಯಿತು ಎಂದೇ ಅರ್ಥ.

ಸೀಟಿನಡಿಯ ಸೇಫ್ಟಿ ಸ್ವಿಚ್ಚಿಗೆ ಭಾರ ಸಾಲದೆ ಇಂಜಿನ್ ಹಿಡಿಯುತ್ತಿಲ್ಲವೇನೋ ಎಂದು ನನ್ನ ಗಂಡನನ್ನು ಕೂರಿಸಿದೆ. ಅವರು ಬ್ಯಾಂಕಿನವರು. "ಇನ್ನೂ ಭಾರ ಬೇಕಾದ್ರೆ ನಮ್ಮ ಮ್ಯಾನೇಜರನ್ನ ಕರೆಸ್ಬೇಕಷ್ಟೇ ಕಣೇ" ಎಂದರು. ಸ್ಪಾರ್ಕ್ ಪ್ಲಗ್ ಬಿಚ್ಚಿ ಉಜ್ಜಿದೆ. ಏರ್ ಫಿಲ್ಟರ್ ಕೊಡವಿದರೆ ಬೊಗಸೆ ಮರಳು ಉದುರಿತು. ಕೊನೆಗೆ ಪೆಟ್ರೋಲ್ ಪೈಪ್ ಎಳೆದೆ, ಒಣ ಒಣ. "ನೋಡಿ, ಪೈಪ್ ಬ್ಲಾಕ್ ಆಗಿದೆ!" ಎಂದು ಸುತ್ತ ನೆರೆದಿದ್ದ ಅಪ್ಪ-ಅಮ್ಮಂದಿರಿಗೆಲ್ಲ ಭಾಷಣ ಬಿಗಿದು, ಪೈಪನ್ನು ಬಾಯಿಗಿಟ್ಟು ಊದಿದೆ. ಥೂ, ಆ ರುಚಿಯನ್ನು ಶತ್ರುವಿಗೂ ಬಯಸುವುದಿಲ್ಲ!

ಅಷ್ಟರಲ್ಲಿ ಮಗಳು ಟ್ಯಾಂಕಿನ ಮುಚ್ಚಳ ತೆಗೆದು ಇಣುಕಿದ್ದಳು. "ಅಮ್ಮಾ, ಇಟ್ಸ್ ಎಂಪ್ಟಿ."

"ಸುಮ್ನಿರೇ, ಅಂಕಲ್ ತುಂಬ್ಸಿದಾರೆ."

"ಜಸ್ಟ್ ಲುಕ್, ಅಮ್ಮಾ!"

ನೋಡಿದೆ. ತಳ ಫಳಫಳ ಹೊಳೆಯುತ್ತಿತ್ತು. ಒಂದು ತೊಟ್ಟೂ ಇಲ್ಲ.

"ಮೈನೇ ಬೋಲಾ ನಾ, ಪೆಟ್ರೋಲ್ ಖಲಾಸ್!" ಎಂದ ಭಾಯಿ. ಹಾಗಾದರೆ ಇಷ್ಟು ಹೊತ್ತು ಬಾಯಿ ಮುಚ್ಚಿಕೊಂಡು ನಿಂತಿದ್ದು ಯಾಕಪ್ಪಾ ಎಂದು ನನ್ನ ಹರಕು ಹಿಂದಿಯಲ್ಲಿ ರೇಗಿದೆ. ಅವನು ಬಹಳ ಮರ್ಯಾದೆಯಿಂದ, "ಮೇಡಂ ಇಂಜಿನಿಯರ್ ಹೈ" ಎಂದ. ನನ್ನ ಗಂಡ ನಗು ತಡೆಯಲಾರದೆ ಕ್ಯಾನ್ ಹಿಡಿದು ಬಂಕಿಗೆ ಓಡಿದರು.

ಬಿಚ್ಚಿದ್ದನ್ನೆಲ್ಲ ಜೋಡಿಸುವಷ್ಟರಲ್ಲಿ ಬಿಸಿಲು ಇಳಿದಿತ್ತು. ಒಂದು ಸ್ಕ್ರೂ ಉಳಿದುಬಿಟ್ಟಿತು, ಯಾರಿಗೂ ತೋರಿಸಲಿಲ್ಲ. ಇಂಜಿನ್ ಗುಡುಗಿ ಎದ್ದಿತು. ಇದ್ದ ಬೆಳಕಿನಲ್ಲಿ ಕತ್ತರಿಸಲಾಗಿದ್ದು ಒಂದೇ ಒಂದು ಪಟ್ಟಿ. ಸರಿ, ಮಕ್ಕಳು ಒಬ್ಬೊಬ್ಬರಾಗಿ ಅದರ ಮೇಲೆ ಓಡುವುದು, ಫೋನಿನಲ್ಲಿ ಸಮಯ ನೋಡುವುದು ಎಂದಾಯಿತು.

ನನ್ನ ಮಗಳ ಸರದಿ ಬಂತು. ಓಡಿದಳು, ಗೆರೆ ದಾಟಿದಳು, ನಿಲ್ಲಲೇ ಇಲ್ಲ. ಗೇಣುದ್ದದ ಹುಲ್ಲಿನೊಳಗೆ ನುಗ್ಗಿ ಕಾಂಪೌಂಡ್ ಗೋಡೆಯತ್ತ ಓಡುತ್ತಲೇ ಇದ್ದಳು. "ಸಾಕಮ್ಮಾ, ನಿಲ್ಲು, ಮುಗೀತು!" ಎಂದು ಸೀಟಿ ಹಿಡಿದವರು ಕೂಗಿದರು.

"ಓಡ್ಲಿ ಬಿಡಿ" ಎಂದೆ.