ಬಳೆಗಾರನಿಗೆ ಒಲ್ಲೆ ಅಂದದ್ದು

ನನ್ನ ಮೊಮ್ಮಗಳಿಗೆ ಇಪ್ಪತ್ತು ವರ್ಷ. ಬುದ್ಧಿ ನಿಧಾನ. ಯಾರು ಕೈ ಹಿಡಿದು ಕರೆದರೂ ನಗುತ್ತ ಹಿಂದೆ ಹೋಗಿಬಿಡುತ್ತಿದ್ದಳು. ಊರವರು ಬಂಗಾರದಂಥ ಹುಡುಗಿ ಎನ್ನುತ್ತಿದ್ದರು. ನನಗೆ ಅದೇ ಅಂಜಿಕೆ. ಎಲ್ಲರ ಕೈಯೂ ಒಳ್ಳೆಯದಿರುವುದಿಲ್ಲ.

ಸವದತ್ತಿಯಲ್ಲಿ ಇಂಥವರಿಗೆ ಕಲಿಸುವ ಟೀಚರು ನನಗೇ ಪಾಠ ಹೇಳಿದರು. "ಮೊದಲ ನಿಮಗ ಒಲ್ಲೆ ಅನ್ನಾಕ ಕಲೀಲಿ ಆಯಿ. ಮನ್ಯಾಗ ಅನ್ನಾಕ ಬರದಾಕಿ ಹೊರಗ ಹೆಂಗ ಅಂತಾಳ?"

ಅಂದಿನಿಂದ ತಲೆ ಬಾಚುವ ಮೊದಲೂ ಅವಳನ್ನು ಕೇಳತೊಡಗಿದೆ. ಒಲ್ಲೆ ಅಂದರೆ ಹಣಿಗೆ ಕೆಳಗಿಡುತ್ತಿದ್ದೆ. ಎಷ್ಟೋ ದಿನ ಹುಡುಗಿ ಕೆದರಿದ ತಲೆಯಲ್ಲೇ ನಮ್ಮೂರು ಮನೋಳಿಯನ್ನೆಲ್ಲ ಸುತ್ತಿದಳು. ಮಂದಿ ನನ್ನನ್ನು ಆಡಿಕೊಂಡರು. ಆಡಿಕೊಳ್ಳಲಿ.

ಈ ಬೇಸಿಗೆಯಲ್ಲಿ ಬೈಲಹೊಂಗಲದ ನನ್ನ ನೆಗೆಣ್ಣಿಯ, ಅಂದರೆ ಮೈದುನನ ಹೆಂಡತಿಯ, ಮೊಮ್ಮಗನ ಮದುವೆ. ಹಿಂದಿನ ದಿನ ಬಳೆಗಾರ ಬಂದು ಪಡಸಾಲೆಯಲ್ಲಿ ಕುಳಿತ. ಹೆಂಗಸರು ಒಬ್ಬೊಬ್ಬರಾಗಿ ಕೈ ಕೊಟ್ಟರು. ಇವಳ ಸರದಿ ಬಂದಾಗ ಅವನು ಎಲ್ಲರಿಗೂ ಮಾಡಿದಂತೆ ಮುಂಗೈ ಹಿಡಿದು ಹಿಂಡಿದ. ಇವಳು ಕೈ ಕಿತ್ತುಕೊಂಡಳು. "ಒಲ್ಲೆ."

ನೆಗೆಣ್ಣಿ ನನ್ನ ಮೇಲೆ ಹಾರಿಬಿದ್ದಳು. "ಮದವಿ ಮನ್ಯಾಗ ಬರಿಗೈ ಅಪಶಕುನ ಅಕ್ಕಾ! ನೀ ಒಂದೀಟ ಗಟ್ಟ್ಯಾಗಿ ಹಿಡಕೋ, ಅಂವ ಇಟ್ಟಬಿಡ್ತಾನ."

"ಇಕಿ ಬಳಿ ಇಡಸ್ಕೊಳ್ಳಿಲ್ಲಂದ್ರ ನಿನ್ನ ಮೊಮ್ಮಗ ತಾಳಿ ಕಟ್ಟಾಂಗಿಲ್ಲೇನ?" ಅಂದೆ. "ಇವತ್ತ ನಾ ಹಿಡಕೊಂಡ್ರ, ನಾಳೆ ಯಾಂವರ ಕೆಟ್ಟಾಂವ ಹಿಡದಾಗೂ ಸುಮ್ನ ಕುಂದರತಾಳ. ಕಲಿಸಿದ್ದೆಲ್ಲಾ ಹಾಳಾಗಿ ಹೊಕ್ಕೈತಿ."

ಬಳೆಗಾರನಿಗೆ "ಮೊದಲ ಕೇಳಿ ನೋಡಪಾ" ಅಂದೆ.

ಅವನು ನಕ್ಕ. ಆದರೂ ಕೇಳಿದ. "ಕೈ ಹಿಡೀಲೇನವಾ ತಂಗಿ?"

ಅವಳು ನನ್ನತ್ತ ನೋಡಿದಳು. ಉತ್ತರವನ್ನು ನನ್ನ ಮುಖದಲ್ಲಿ ಹುಡುಕುವುದು ಅವಳ ಚಾಳಿ. ನಾನು ಮುಖ ತಿರುಗಿಸಿ ಬಳೆಗಳನ್ನೇ ನೋಡುತ್ತ ಕುಳಿತೆ. ಅವಳು ಬಳೆಗಾರನತ್ತ ತಿರುಗಿ ತಾನೇ ಅಂದಳು: "ಒಲ್ಲೆ."

"ಆತ ಬಿಡವಾ" ಎಂದು ಅವನು ಮುಂದಿನವರನ್ನು ಕರೆದ.

ಮರುದಿನ ಬರಿಗೈಯಲ್ಲೇ ಅಕ್ಷತೆ ಹಾಕಿದಳು. ಮದುವೆ ಸುಸೂತ್ರ ಮುಗಿಯಿತು. ನಾನು ಊಟಕ್ಕೆ ಕುಳಿತಿದ್ದಾಗ, ದೂರದಲ್ಲಿ ಬೀಗರ ಕಡೆಯವನೊಬ್ಬ "ಬಾರಬೇ, ಫೋಟೋ ತಗಸೂಣು" ಎಂದು ಅವಳ ರಟ್ಟೆ ಹಿಡಿದು ಎಳೆದ. ನಾನು ಏಳುವಷ್ಟರಲ್ಲಿ "ಒಲ್ಲೆ!" ಎಂಬ ದನಿ ಚಪ್ಪರಕ್ಕೆಲ್ಲ ಕೇಳಿಸಿತು. ಅವನು ಕೈ ಬಿಟ್ಟು ಹಿಂದೆ ಸರಿದ.

ಅವಳು ನೆಟ್ಟಗೆ ಬಂದು ನನ್ನ ಪಕ್ಕ ಕುಳಿತು, "ಆಯಿ, ಅಂವ ಜಗ್ಗಿದ" ಅಂದಳು.

"ನೋಡೀನಿ. ಅಲ್ಲೇ ಕುಂದ್ರು" ಅಂದೆ. ಬಡಿಸುವವನನ್ನು ಕೂಗಿ ಕರೆದು ಇಬ್ಬರಿಗೂ ಹೋಳಿಗೆ ಹಾಕಿಸಿದೆ.